ನ್ಯೂಜಿಲೆಂಡಲ್ಲಿ ಬಾಡಿಗೆ ಕಾರು: ಯಾವ್ದು ಯಾರಿಗೆ ಸರಿಹೋಗತ್ತೆ

ಹೋದ ನವೆಂಬರ್ ಕೊನೇಲಿ ನಾವು ಐದು ಜನ, ಅಂದ್ರೆ ನಾನು, ನಮ್ಮನೆಯವ್ರು, ಅತ್ತೆ, ಮಾವ, ನಾಲ್ಕು ವರ್ಷದ ಮಗಳು, ನ್ಯೂಜಿಲೆಂಡಿನ ಸೌತ್ ಐಲೆಂಡಲ್ಲಿ 11 ದಿನ ಬಾಡಿಗೆ ಕಾರು ಇಟ್ಕೊಂಡು ಸುತ್ತಾಡಿ ಬಂದ್ವಿ. ಬಂದಾಗಿಂದ ಮೈಸೂರಿನ ನೆಂಟರಿಂದ ಹಿಡಿದು ಆಫೀಸಿನವ್ರ ತನಕ ಎಲ್ರೂ ಕೇಳೋದು ಒಂದೇ ಪ್ರಶ್ನೆ, ಕಾರಿಗೆ ದಿನಕ್ಕೆ ಎಷ್ಟಾಯ್ತು ಅಂತ. ನಾನೂ ಹೋಗೋಕ್ ಮುಂಚೆ ಎರಡು ತಿಂಗಳು ಅದನ್ನೇ ನೋಡ್ತಾ ಕೂತಿದ್ದೆ, ಆಮೇಲೆ ಒಂದಿನ ನೋಟ್‌ಬುಕ್ಕಲ್ಲಿ ಪೂರ್ತಿ ಲೆಕ್ಕ ಬರೆದಾಗ ಗೊತ್ತಾಯ್ತು, ದಿನದ ಬಾಡಿಗೆ ಕಮ್ಮಿ ಇರೋ ಕಾರು ಕೊನೇಗೆ ಎಲ್ಲಕ್ಕಿಂತ ದುಬಾರಿ ಆಗ್ಬಹುದು ಅಂತ. ಅದಕ್ಕೇ ಇಷ್ಟು ಉದ್ದ ಬರೀತಿದೀನಿ, ನೀವು ವಯಸ್ಸಾದ ಅಪ್ಪ ಅಮ್ಮನ್ನ, ಮಕ್ಕಳನ್ನ ಕರ್ಕೊಂಡು ಹೋಗೋರಾದ್ರೆ ಪೂರ್ತಿ ಓದಿ.

ಇಲ್ಲಿ ಡಾಲರ್ ಅಂತ ಬರೆದಿರೋದೆಲ್ಲ ನ್ಯೂಜಿಲೆಂಡ್ ಡಾಲರ್. ಸುಮಾರು 50 ರೂಪಾಯಿ ಅಂತ ಇಟ್ಕೊಳಿ.

ಮೊದ್ಲು, ಕಾರು ಬೇಕಾ ಬೇಡ್ವಾ

ನಮ್ಮವ್ರಿಗೆ ಹೊರದೇಶದಲ್ಲಿ ಡ್ರೈವ್ ಮಾಡೋಕೆ ನ್ಯೂಜಿಲೆಂಡಿಗಿಂತ ಸುಲಭದ ಜಾಗ ಕಮ್ಮಿ. ಅಲ್ಲೂ ನಮ್ಮ ಥರಾನೇ ರಸ್ತೆಯ ಎಡಗಡೆ ಓಡಿಸೋದು, ಸ್ಟೀರಿಂಗ್ ಬಲಗಡೆ, ಬೋರ್ಡೆಲ್ಲ ಇಂಗ್ಲಿಷಲ್ಲಿ, ಊರು ದಾಟಿದ್ರೆ ಟ್ರಾಫಿಕ್ಕೇ ಇಲ್ಲ. ಯುರೋಪಲ್ಲೋ ಅಮೆರಿಕದಲ್ಲೋ ಬಲಗಡೆ ಓಡಿಸೋಕೆ ಭಯ ಪಡೋರು ಇಲ್ಲಿ ಧೈರ್ಯವಾಗಿ ಕೂರ್ಬಹುದು. ಆದ್ರೂ ಕಾರು ಒಂದೇ ದಾರಿ ಅಂತಿಲ್ಲ.

ಒಬ್ರೋ ಇಬ್ರೋ ಹೋಗ್ತಿದ್ರೆ, ಕ್ರೈಸ್ಟ್‌ಚರ್ಚ್, ಟೆಕಾಪೊ, ಕ್ವೀನ್ಸ್‌ಟೌನ್ ಇಷ್ಟೇ ಸಾಕು ಅನ್ನೋರಾದ್ರೆ ಇಂಟರ್‌ಸಿಟಿ ಬಸ್ ಇದೆ, ಆರಾಮಾಗಿ ಹೋಗ್ಬಹುದು. ಏನು ಕಷ್ಟ ಅಂದ್ರೆ ಬಸ್ಸು ನಿಲ್ಸೋ ಕಡೆ ಮಾತ್ರ ನಿಲ್ಲತ್ತೆ, ಲೇಕ್ ಪುಕಾಕಿ ದಡದಲ್ಲಿ ಆ ಹಾಲು ಬೆರೆಸಿದ ನೀಲಿ ಬಣ್ಣದ ನೀರು, ಹಿಂದೆ ಮೌಂಟ್ ಕುಕ್ ಹಿಮ, ಅದನ್ನ ನೋಡ್ತಾ ಒಂದ್ ಗಂಟೆ ಸುಮ್ನೆ ಕೂರ್ಬೇಕು ಅನ್ನಿಸಿದ್ರೆ ಬಸ್ಸಿನ ಟೈಮ್ ಬಿಡಲ್ಲ. ನವೆಂಬರ್ ಕೊನೆ, ಡಿಸೆಂಬರಲ್ಲಿ ಟೆಕಾಪೊ ಸುತ್ತ ಲುಪಿನ್ ಹೂವು ರಸ್ತೆ ಪಕ್ಕದಲ್ಲೆಲ್ಲ ನೇರಳೆ, ಗುಲಾಬಿ ಬಣ್ಣದಲ್ಲಿ ಬಿಟ್ಟಿರತ್ತೆ, ನಮ್ಮತ್ತೆ ಕಣ್ಣಿಗೆ ಬಿದ್ದ ಕಡೆಯೆಲ್ಲ ನಿಲ್ಸು ನಿಲ್ಸು ಅಂತಿದ್ರು, ನಿಲ್ಸಿದ್ವಿ. ಆ ನಿಲ್ಸೋ ಸ್ವಾತಂತ್ರ್ಯಕ್ಕೇ ನಾವು ಕಾರು ತಗೊಂಡಿದ್ದು.

ಗ್ರೂಪ್ ಟೂರು ಡ್ರೈವಿಂಗ್ ಬರ್ದೇ ಇರೋರಿಗೆ ಒಳ್ಳೇದು, ಊಟದ ಚಿಂತೆನೂ ಇರಲ್ಲ. ಆದ್ರೆ ಮೊಣಕಾಲು ನೋವಿರೋ ಹಿರಿಯರನ್ನ ಬೆಳಿಗ್ಗೆ ಆರೂವರೆಗೆ ರೆಡಿ ಮಾಡಿ ಬಸ್ ಹತ್ತಿಸೋದು 11 ದಿನ ಆಗಲ್ಲ, ಇದು ನನ್ನ ಅಭಿಪ್ರಾಯ.

ಇನ್ನು ಕ್ಯಾಂಪರ್‌ವ್ಯಾನ್. ವೀಡಿಯೋ ನೋಡಿ ಎಲ್ರಿಗೂ ಆಸೆ ಆಗತ್ತೆ, ನಂಗೂ ಆಗಿತ್ತು. ಮಾವುಯಿ, ಬ್ರಿಟ್ಜ್, ಜೂಸಿ ಹೀಗೆ ಸುಮಾರು ಹೆಸರಿದೆ. ರೂಮಿನ ಖರ್ಚು ಉಳಿಯತ್ತೆ ಅಂತ ಲೆಕ್ಕ ಹಾಕ್ತೀವಿ, ಆದ್ರೆ ವ್ಯಾನಿನ ಬಾಡಿಗೆ ಕಾರಿಗಿಂತ ಸುಮಾರು ಜಾಸ್ತಿ, ಡೀಸೆಲ್ ಹೆಚ್ಚು ಕುಡಿಯತ್ತೆ, ಕರೆಂಟು ನೀರು ಇರೋ ಹಾಲಿಡೇ ಪಾರ್ಕಲ್ಲಿ ರಾತ್ರಿ ನಿಲ್ಲಿಸೋಕೆ ಮತ್ತೆ ದುಡ್ಡು. ಎಲ್ಲಿ ಬೇಕಾದ್ರೂ ನಿಲ್ಸಿ ಮಲಗ್ತೀವಿ ಅನ್ನೋದೂ ಈಗ ನಡೆಯಲ್ಲ, 2023ರಲ್ಲಿ ಕಾನೂನು ಬಿಗಿ ಮಾಡಿದಾರೆ, ಗಾಡಿಯೊಳಗೇ ಕೂರಿಸಿರೋ ಟಾಯ್ಲೆಟ್ ಇದ್ರೆ ಮಾತ್ರ ಹಾಗೆ ಹೊರಗೆ ನಿಲ್ಸಿ ಮಲಗೋಕೆ ಬೇಕಾದ ಸರ್ಟಿಫಿಕೇಟು ಸಿಗತ್ತೆ, ಇಲ್ದಿದ್ರೆ ದಂಡ. ಗಂಡ ಹೆಂಡ್ತಿ ಇಬ್ರೇ, ವಯಸ್ಸು ಮೂವತ್ತರ ಒಳಗೆ ಹೊರಗೆ, ಅಡುಗೆ ಮಾಡ್ಕೊಳ್ಳೋ ಉತ್ಸಾಹ ಇದೆ ಅಂದ್ರೆ ಖಂಡಿತ ತಗೊಳಿ, ಅದರ ಸುಖ ಬೇರೆ. ಅತ್ತೆ ಮಾವನ ಜೊತೆ ಒಂದೇ ವ್ಯಾನಲ್ಲಿ ಮಲಗೋದು, ರಾತ್ರಿ ಎದ್ದು ಬಾತ್‌ರೂಮಿಗೆ ಹೋಗೋದು, ಅದು ಹಿರಿಯರಿಗೆ ಹಿಂಸೆ. ನಾವು ಅಡುಗೆಮನೆ ಇರೋ ಮೋಟೆಲ್ ರೂಮು ಹಿಡಿದ್ವಿ, ದಿನಾ ಸಂಜೆ ಅನ್ನ ಸಾರು ಆಯ್ತು. ಒಂದ್ ಮಾತು, ಚಟ್ನಿಪುಡಿ, ಸಾರಿನಪುಡಿ, ಉಪ್ಪಿನಕಾಯಿ ಏನೇ ತಗೊಂಡೋಗಿ, ಏರ್‌ಪೋರ್ಟಲ್ಲಿ ಎಲ್ಲಾನೂ ಡಿಕ್ಲೇರ್ ಮಾಡಿ, ಹೇಳ್ದೆ ಸಿಕ್ಕಿಹಾಕ್ಕೊಂಡ್ರೆ ಅಲ್ಲೇ 400 ಡಾಲರ್ ದಂಡ.

ಎಲ್ಲಿ ಬುಕ್ ಮಾಡೋದು

ಮೂರು ದಾರಿ ಇದೆ. ಹರ್ಟ್ಜ್, ಏವಿಸ್, ಯೂರೋಪ್‌ಕಾರ್ ಥರ ಪ್ರಪಂಚ ಪೂರ್ತಿ ಇರೋ ದೊಡ್ಡ ಕಂಪನಿಗಳು, ಗೋ ರೆಂಟಲ್ಸ್, ಏಪೆಕ್ಸ್, ಏಸ್, ಒಮೇಗಾ ಥರ ಅಲ್ಲೇ ಹುಟ್ಟಿದ ಕಂಪನಿಗಳು, ಆಮೇಲೆ ರೆಂಟಲ್‌ಕಾರ್ಸ್, ಡಿಸ್ಕವರ್ ಕಾರ್ಸ್ ಥರ ಎಲ್ಲರ ರೇಟನ್ನೂ ಒಂದೇ ಕಡೆ ತೋರಿಸೋ ಬ್ರೋಕರ್ ವೆಬ್‌ಸೈಟು. ಈ ಬ್ರೋಕರ್ ಸೈಟಲ್ಲಿ ಬುಕ್ ಮಾಡಿದ್ರೂ ಕಾರು ಕೊಡೋರು ಬೇರೆ ಕಂಪನಿನೇ, ಏನಾದ್ರೂ ತೊಂದ್ರೆ ಆದಾಗ ಇವ್ರನ್ನ ಕೇಳಿದ್ರೆ ಅವ್ರನ್ನ ಕೇಳಿ, ಅವ್ರನ್ನ ಕೇಳಿದ್ರೆ ಇವ್ರನ್ನ ಕೇಳಿ ಅನ್ನೋ ಸಾಧ್ಯತೆ ಇದೆ ಅನ್ನೋದನ್ನ ತಲೇಲಿಟ್ಕೊಳಿ.

ನಾವು ಹುಡುಕಿದ್ದು ಏಳು ಸೀಟಿನ ಹೈಬ್ರಿಡ್ ಗಾಡಿ, ಕ್ರೈಸ್ಟ್‌ಚರ್ಚಲ್ಲಿ ತಗೊಂಡು ಕ್ವೀನ್ಸ್‌ಟೌನಲ್ಲಿ ಬಿಡೋದು, 11 ದಿನ. ನೋಟ್‌ಬುಕ್ಕಲ್ಲಿ ಬರೆದಿದ್ದ ಲೆಕ್ಕ ಇದು, ನಿಮ್ಮ ತಾರೀಕಿಗೆ ಅಂಕಿ ಬೇರೆ ಬರತ್ತೆ, ಲೆಕ್ಕ ಹಾಕೋ ರೀತಿ ನೋಡ್ಕೊಳಿ.

ದೊಡ್ಡ ಕಂಪನಿ ದಿನಕ್ಕೆ 92 ಅಂತ ತೋರಿಸ್ತು, 11 ದಿನಕ್ಕೆ 1012. ಅದ್ರ ಮೇಲೆ ಏರ್‌ಪೋರ್ಟ್ ಚಾರ್ಜು ಅದು ಇದು ಸೇರಿ 60, ಪೂರ್ತಿ ಕವರ್ (ಕಾರಿಗೆ ಏನಾದ್ರೂ ಆದ್ರೆ ನಮ್ಮ ಕೈಯಿಂದ ದುಡ್ಡು ಹೋಗದ ಹಾಗೆ ಇನ್ಶೂರೆನ್ಸ್) ಬೇಕಂದ್ರೆ ದಿನಕ್ಕೆ 39 ಅಂದ್ರೆ 429, ಎರಡನೇ ಡ್ರೈವರಿಗೆ ದಿನಕ್ಕೆ 5 ಅಂದ್ರೆ 55, ಮಗೂ ಸೀಟಿಗೆ 60, ಬೇರೆ ಊರಲ್ಲಿ ಬಿಡೋದಕ್ಕೆ 100. ಒಟ್ಟು 1716.

ಅಲ್ಲಿಯ ಲೋಕಲ್ ಕಂಪನಿ ದಿನಕ್ಕೆ 135, ನೋಡಿದ ತಕ್ಷಣ ಅಬ್ಬಾ ಅನ್ನಿಸಿತ್ತು. ಆದ್ರೆ ಅದ್ರಲ್ಲೇ ಪೂರ್ತಿ ಕವರ್, ಎರಡನೇ ಡ್ರೈವರು, ಬೇರೆ ಊರಲ್ಲಿ ಬಿಡೋದು ಎಲ್ಲಾ ಸೇರಿತ್ತು, ಮಗೂ ಸೀಟು 45 ಮಾತ್ರ ಬೇರೆ. ಒಟ್ಟು 1530.

ಬ್ರೋಕರ್ ಸೈಟಲ್ಲಿ ದಿನಕ್ಕೆ 86, ಅಂದ್ರೆ 946, ಅವ್ರದ್ದೇ ಇನ್ಶೂರೆನ್ಸ್ ದಿನಕ್ಕೆ 12ರ ಹಾಗೆ 132, ಎರಡನೇ ಡ್ರೈವರು 55, ಮಗೂ ಸೀಟು 60, ಬೇರೆ ಊರಿಗೆ 100. ಒಟ್ಟು 1293. ಮೂರರಲ್ಲಿ ಇದೇ ಕಮ್ಮಿ, ಆದ್ರೆ ಕಾರು ತಗೊಳ್ಳೋವಾಗ ಕ್ರೆಡಿಟ್ ಕಾರ್ಡಲ್ಲಿ 5000 ಡಾಲರ್ ಬ್ಲಾಕ್ ಮಾಡ್ತೀವಿ ಅಂತ ಕೆಳಗಡೆ ಸಣ್ಣ ಅಕ್ಷರದಲ್ಲಿತ್ತು. 5000 ಅಂದ್ರೆ ಎರಡೂವರೆ ಲಕ್ಷ ರೂಪಾಯಿ.

ದಿನಕ್ಕೆ 92, 135, 86 ಅಂತ ನೋಡಿದ್ರೆ ಲೋಕಲ್ ಕಂಪನಿನ ಮೊದ್ಲೇ ಬಿಟ್ಬಿಡ್ತೀವಿ. ಒಟ್ಟು ನೋಡಿದ್ರೆ ಅದು ಮಧ್ಯದಲ್ಲಿ ನಿಲ್ಲತ್ತೆ, ಯೋಚನೆನೂ ಎಲ್ಲಕ್ಕಿಂತ ಕಮ್ಮಿ. ನಾವು ಅದನ್ನೇ ತಗೊಂಡ್ವಿ. ಎಲ್ಲಾ ಲೋಕಲ್ ಕಂಪನಿನೂ ಹೀಗೇ ಎಲ್ಲಾ ಸೇರಿಸಿ ಕೊಡತ್ತೆ ಅಂತಲ್ಲ, ಪ್ರತಿಯೊಂದನ್ನೂ ಹೀಗೆ ಬಿಡಿಸಿ ಬರೀಲೇಬೇಕು. ಇನ್ನೊಂದು, ಲೋಕಲ್ ಕಂಪನಿಗಳ ಆಫೀಸು ಸಾಮಾನ್ಯವಾಗಿ ಟರ್ಮಿನಲ್ ಒಳಗಿರಲ್ಲ, ಹೊರಗಡೆ ಶಟಲ್ ಹತ್ತಿ ಹತ್ತು ನಿಮಿಷ ಹೋಗ್ಬೇಕು, ರಾತ್ರಿ ಹೊತ್ತು ಮುಚ್ಚಿರತ್ತೆ. ಸಿಂಗಾಪುರ ಮೇಲೆ ಹೋದ್ರೆ ಅಲ್ಲಿಂದ ಕ್ರೈಸ್ಟ್‌ಚರ್ಚಿಗೆ ನೇರ ಫ್ಲೈಟಿದೆ, ನಿಮ್ಮ ಫ್ಲೈಟು ಇಳಿಯೋ ಟೈಮಿಗೆ ಆಫೀಸು ತೆಗೆದಿರತ್ತಾ ಅಂತ ನೋಡ್ಕೊಂಡೇ ಬುಕ್ ಮಾಡಿ.

ಡಿಸೆಂಬರ್ ಮಧ್ಯದಿಂದ ಫೆಬ್ರವರಿ ತನಕ ಅವ್ರಿಗೆ ಬೇಸಿಗೆ ರಜ, ರೇಟು ಏರತ್ತೆ, ಕಾರೇ ಸಿಗಲ್ಲ. ಮೂರ್ನಾಲ್ಕು ತಿಂಗಳು ಮುಂಚೆ, ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಬರೋ ಥರದ್ದನ್ನ ಹಿಡಿದಿಟ್ಕೊಂಡು ಆಮೇಲೆ ರೇಟ್ ಇಳಿದ್ರೆ ಬದಲಾಯಿಸ್ಕೊಳಿ.

ಎಕ್ಸೆಸ್ ಅನ್ನೋದನ್ನ ಸರಿಯಾಗಿ ಅರ್ಥ ಮಾಡ್ಕೊಳಿ

ಇದೇ ಎಲ್ಲಕ್ಕಿಂತ ಮುಖ್ಯವಾದ್ದು. ಬಾಡಿಗೆಯಲ್ಲಿ ಇನ್ಶೂರೆನ್ಸ್ ಸೇರಿದೆ ಅಂತ ಎಲ್ಲಾ ಕಡೆ ಬರೆದಿರತ್ತೆ, ಅದು ನಿಜಾನೇ, ಆದ್ರೆ ಎಕ್ಸೆಸ್ ಅಂತ ಒಂದಿದೆ. ಕಾರಿಗೆ ಏನೇ ಆದ್ರೂ ಮೊದಲ ಇಷ್ಟು ಡಾಲರ್ ನೀವೇ ಕೊಡ್ಬೇಕು, ಅದ್ರ ಮೇಲಿಂದು ಮಾತ್ರ ಇನ್ಶೂರೆನ್ಸಿನವ್ರದ್ದು. ಆ ಮೊತ್ತ ಮೂರರಿಂದ ಐದು ಸಾವಿರ ಡಾಲರ್ ಇರೋದು ಸಾಮಾನ್ಯ, 25ಕ್ಕಿಂತ ಚಿಕ್ಕ ವಯಸ್ಸಿನೋರು ಓಡಿಸಿದ್ರೆ ಇನ್ನೂ ಜಾಸ್ತಿ. ತಪ್ಪು ನಿಮ್ಮದಲ್ದೇ ಇದ್ರೂ ಮೊದಲು ನಿಮ್ಮ ಕಾರ್ಡಿಂದಾನೇ ಹಿಡ್ಕೊಳ್ತಾರೆ, ಎದುರಿನವ್ರಿಂದ ವಸೂಲಾದ್ಮೇಲೆ ವಾಪಸ್.

ನ್ಯೂಜಿಲೆಂಡಲ್ಲಿ ಒಂದು ವಿಶೇಷ ಇದೆ, ನಂಗೆ ಇದು ಗೊತ್ತಾದಾಗ ತುಂಬಾ ಸಮಾಧಾನ ಆಯ್ತು. ಅಪಘಾತದಲ್ಲಿ ಯಾರಿಗಾದ್ರೂ ಪೆಟ್ಟಾದ್ರೆ ಅದರ ಚಿಕಿತ್ಸೆ ಖರ್ಚಿಗೆ ಎಸಿಸಿ ಅಂತ ಸರ್ಕಾರದ್ದೇ ಒಂದು ವ್ಯವಸ್ಥೆ ಇದೆ, ತಪ್ಪು ಯಾರದ್ದು ಅಂತ ನೋಡಲ್ಲ, ಪ್ರವಾಸಿಗಳಿಗೂ ಅನ್ವಯ ಆಗತ್ತೆ. ಹಾಗಾಗಿ ನಮ್ಮಲ್ಲಿರೋ ಥರ ಕಡ್ಡಾಯ ಥರ್ಡ್ ಪಾರ್ಟಿ ಇನ್ಶೂರೆನ್ಸೇ ಅಲ್ಲಿಲ್ಲ. ಬೇರೆ ದೇಶಗಳಲ್ಲಿ ಕಾರು ಬಾಡಿಗೆಗೆ ತಗೊಂಡಾಗ ಇನ್ನೊಬ್ರಿಗೆ ಪೆಟ್ಟಾದ್ರೆ ಕೋಟಿಗಟ್ಟಲೆ ಕೇಸು ಹಾಕ್ತಾರೇನೋ ಅನ್ನೋ ಹೆದರಿಕೆ ಇರತ್ತಲ್ಲ, ಇಲ್ಲಿ ನೀವು ಕವರ್ ತಗೊಳ್ಳೋದು ಬಾಡಿಗೆ ಗಾಡಿಗೆ, ಎದುರಿನವ್ರ ಗಾಡಿಗೆ ಅಥವಾ ಬೇಲಿಗೆ ಆಗೋ ನಷ್ಟಕ್ಕೆ. ಆದ್ರೆ ಎಸಿಸಿ ಇದೆ ಅಂತ ಟ್ರಾವೆಲ್ ಇನ್ಶೂರೆನ್ಸ್ ಬಿಡ್ಬೇಡಿ, ಜ್ವರ, ಬಿಪಿ, ಎದೆನೋವು ಇಂಥ ಕಾಯಿಲೆಗೆ ಅದು ಬರಲ್ಲ, ಊರಿಗೆ ವಾಪಸ್ ಕರ್ಕೊಂಡು ಬರೋ ಖರ್ಚಿಗೂ ಬರಲ್ಲ. ಹಿರಿಯರು ಜೊತೇಲಿದ್ರೆ ಟ್ರಾವೆಲ್ ಇನ್ಶೂರೆನ್ಸ್ ಇಲ್ದೆ ವಿಮಾನ ಹತ್ಬೇಡಿ.

ಈಗ ಆ ಎಕ್ಸೆಸ್ಸಿಗೆ ಏನು ಮಾಡೋದು. ಒಂದು, ಏನೂ ತಗೊಳ್ದೆ ಧೈರ್ಯ ಮಾಡೋದು. ಎರಡು, ಕಾರು ಕಂಪನಿಯಿಂದಾನೇ ದಿನಕ್ಕೆ ಇಷ್ಟು ಅಂತ ಕೊಟ್ಟು ಎಕ್ಸೆಸ್ ಸೊನ್ನೆ ಮಾಡಿಸ್ಕೊಳ್ಳೋದು. ಮೂರು, ಬ್ರೋಕರ್ ಸೈಟಿನ ಅಥವಾ ಬೇರೆ ಇನ್ಶೂರೆನ್ಸಿನವ್ರ ಪಾಲಿಸಿ ತಗೊಳ್ಳೋದು. ಎರಡಕ್ಕೂ ಮೂರಕ್ಕೂ ಏನು ವ್ಯತ್ಯಾಸ ಅಂದ್ರೆ, ಎರಡನೇದ್ರಲ್ಲಿ ಕಾರಿಗೆ ಏನಾದ್ರೂ ಆದ್ರೆ ನೀವು ಫಾರಂ ತುಂಬಿ ಕೀ ಕೊಟ್ಟು ಹೋಗ್ತಾ ಇರ್ಬಹುದು. ಮೂರನೇದ್ರಲ್ಲಿ ಕಾರು ಕಂಪನಿಯವ್ರಿಗೆ ನಿಮ್ಮ ಪಾಲಿಸಿ ಸಂಬಂಧ ಇಲ್ಲ, ಅವ್ರು ನಿಮ್ಮ ಕಾರ್ಡಿಂದ ದುಡ್ಡು ಹಿಡ್ಕೊಳ್ತಾರೆ, ನೀವು ಊರಿಗೆ ಬಂದು ಬಿಲ್ಲು, ಫೋಟೋ, ಅಗ್ರಿಮೆಂಟು ಎಲ್ಲಾ ಕಳ್ಸಿ ಪಾಲಿಸಿಯವ್ರಿಂದ ವಾಪಸ್ ಪಡೀಬೇಕು.

ಇದು ಬರೀ ಮಾತಲ್ಲ, ನಮಗೇ ಆಯ್ತು. ಮೌಂಟ್ ಕುಕ್ಕಿಂದ ವನಾಕಾಗೆ ಲಿಂಡಿಸ್ ಪಾಸ್ ದಾಟ್ಕೊಂಡು ಹೋಗ್ತಿದ್ವಿ, ರಸ್ತೆಗೆ ಹೊಸದಾಗಿ ಜಲ್ಲಿ ಹಾಕಿದ್ರು, ಎದುರಿಗೆ ಬಂದ ಟ್ರಕ್ಕಿನ ಟೈರಿಂದ ಒಂದು ಕಲ್ಲು ಸಿಡಿದು ಟಪ್ ಅಂತ ಮುಂದಿನ ಗ್ಲಾಸಿಗೆ ಬಡೀತು. ಕಡ್ಲೆಬೇಳೆಯಷ್ಟು ಗುರುತು, ಸಂಜೆ ಹೊತ್ತಿಗೆ ಅದರಿಂದ ಗೇಣುದ್ದ ಬಿರುಕು. ಮಾವ ಪಾಪ ರಾತ್ರಿಯೆಲ್ಲ ಎಷ್ಟು ದುಡ್ಡು ಕೇಳ್ತಾರೋ ಅಂತ ನಿದ್ದೆ ಮಾಡಿರ್ಲಿಲ್ಲ. ನಮ್ಮ ಕವರಲ್ಲಿ ಗ್ಲಾಸು, ಟೈರು ಎರಡೂ ಸೇರಿತ್ತು, ಫೋನ್ ಮಾಡಿದ್ವಿ, ಕ್ವೀನ್ಸ್‌ಟೌನಲ್ಲಿ ಇನ್ನೊಂದು ಕಾರು ಕೊಟ್ರು, ಒಂದು ಪೈಸೆ ಕೇಳ್ಲಿಲ್ಲ. ಅದಕ್ಕೆ ಹಿಂದಿನ ವರ್ಷ ನಮ್ಮ ಚಿಕ್ಕಪ್ಪನ ಮಗ ಹೋಗಿದ್ದಾಗ ಹೀಗೇ ಕಲ್ಲು ಬಡಿದಿತ್ತು, ಅವ್ನು ತಗೊಂಡಿದ್ದು ಮೂರನೇ ದಾರಿ, ಕಾರಿನವ್ರು ಪೂರ್ತಿ ಗ್ಲಾಸಿನ ದುಡ್ಡು ಕಾರ್ಡಿಂದ ಹಿಡ್ಕೊಂಡ್ರು, ಪಾಲಿಸಿಯವ್ರು ವಾಪಸ್ ಕೊಟ್ರು, ಆದ್ರೆ ಐದು ವಾರ ಆಯ್ತು, ಹನ್ನೆರಡು ಈಮೇಲು ಬರೆದಿದ್ದ. ದುಡ್ಡು ಬಂತಲ್ಲ, ಹಾಗಾಗಿ ಮೂರನೇ ದಾರಿ ಮೋಸ ಅಂತ ನಾನು ಹೇಳಲ್ಲ. ಕಾಗದಪತ್ರ ಜೋಪಾನ ಮಾಡೋ ತಾಳ್ಮೆ ಇರೋರಿಗೆ, ಕಾರ್ಡಲ್ಲಿ ದೊಡ್ಡ ಲಿಮಿಟ್ ಇರೋರಿಗೆ ಅದು ಒಳ್ಳೇ ಉಳಿತಾಯ. ಮೊದಲನೇ ದಾರಿ ಮಾತ್ರ ಬೇಡ, ಆ ರಸ್ತೆಗಳಲ್ಲಿ ಕಲ್ಲು ಸಿಡಿಯೋದು ದಿನನಿತ್ಯದ ವಿಷ್ಯ.

ಸೊನ್ನೆ ಎಕ್ಸೆಸ್ ಅಂತ ಬರೆದಿದ್ರೂ ಎಲ್ಲಾ ಸೇರಿರಲ್ಲ. ಗಾಡಿಯ ಹೊಟ್ಟೆಭಾಗ, ಮೇಲ್ಛಾವಣಿ, ಪೆಟ್ರೋಲ್ ಗಾಡಿಗೆ ಡೀಸೆಲ್ ಹಾಕಿದ್ದು, ಕೀ ಕಳೆದಿದ್ದು, ನೀರಲ್ಲಿ ಇಳಿಸಿದ್ದು, ಅಗ್ರಿಮೆಂಟಲ್ಲಿ ಹೆಸರಿಲ್ದೋರು ಓಡಿಸಿದ್ದು, ಇದೆಲ್ಲ ಸಾಮಾನ್ಯವಾಗಿ ಹೊರಗೆ. ಕೆಲವು ರಸ್ತೆಗಳಿಗೂ ಕವರ್ ಇರಲ್ಲ, ಕ್ವೀನ್ಸ್‌ಟೌನ್ ಹತ್ರದ ಸ್ಕಿಪ್ಪರ್ಸ್ ರೋಡು ಅದಕ್ಕೇ ಹೆಸರಾಗಿದೆ, ನಾರ್ತ್ ಐಲೆಂಡಿನ ನೈಂಟಿ ಮೈಲ್ ಬೀಚೂ ಅಷ್ಟೇ. ಡಾಂಬರಿಲ್ದೇ ಇರೋ ರಸ್ತೆಗೆ ಹೋಗ್ಬಹುದಾ ಅಂತ ಬುಕ್ ಮಾಡೋಕ್ ಮುಂಚೆ ಬರವಣಿಗೆಯಲ್ಲಿ ಕೇಳಿ.

ಗಾಳಿ ವಿಷ್ಯ ಯಾರೂ ಹೇಳಲ್ಲ. ಟೆಕಾಪೊ, ಮೌಂಟ್ ಕುಕ್ ಕಡೆ ಗಾಳಿ ಹೇಗೆ ಬೀಸತ್ತೆ ಅಂದ್ರೆ ಬಾಗಿಲು ತೆಗೆದ ತಕ್ಷಣ ಕೈಯಿಂದ ಕಿತ್ಕೊಂಡು ಹೋಗಿ ಹಿಂಜೇ ಬಾಗಿಹೋಗತ್ತೆ. ಎರಡು ಕೈಲಿ ಹಿಡಿದು ತೆಗೀಬೇಕು ಅಂತ ಮಕ್ಕಳಿಗೆ, ಹಿರಿಯರಿಗೆ ಮೊದ್ಲೇ ಹೇಳಿ. ಇನ್ನು ಬೆಟ್ಟಗಳ ನಡುವೆ ಸಮುದ್ರ ಒಳನುಗ್ಗಿರೋ ಮಿಲ್ಫರ್ಡ್ ಸೌಂಡ್ ಅನ್ನೋ ಜಾಗಕ್ಕೆ ಹೋಗೋ ರಸ್ತೆಲಿ ಹೋಮರ್ ಟನಲ್ ಹತ್ರ ಗಾಡಿ ನಿಂತಾಗ ಕಿಯಾ ಅನ್ನೋ ಬೆಟ್ಟದ ಗಿಳಿಗಳು ಬಂದು ವೈಪರ್ ರಬ್ಬರು, ಕಿಟಕಿ ಬೀಡಿಂಗು ಕಿತ್ತು ತಿಂತಾವೆ. ನೋಡೋಕೆ ಎಷ್ಟು ಮುದ್ದಾಗಿವೆ ಅಂದ್ರೆ ಮಗಳು ಈಗಲೂ ಅದ್ರದ್ದೇ ಚಿತ್ರ ಬರೀತಾಳೆ. ತಿಂಡಿ ಮಾತ್ರ ಹಾಕ್ಬೇಡಿ, ಅಳಿವಿನಂಚಲ್ಲಿರೋ ಹಕ್ಕಿ ಅದು.

ಕಾರ್ಡು

ಕ್ರೆಡಿಟ್ ಕಾರ್ಡ್, ಅದೂ ಕಾರು ಓಡಿಸೋ ಮುಖ್ಯ ಡ್ರೈವರ ಹೆಸರಲ್ಲೇ ಇರ್ಬೇಕು. ಫಾರೆಕ್ಸ್ ಕಾರ್ಡು ಊಟ ತಿಂಡಿ ಖರ್ಚಿಗೆ ಚೆನ್ನಾಗಿದೆ, ಡೆಪಾಸಿಟ್ಟಿಗೆ ಸುಮಾರು ಕಂಪನಿಗಳು ಒಪ್ಪಲ್ಲ. ಡೆಬಿಟ್ ಕಾರ್ಡ್ ಒಪ್ಪೋರು ಇದಾರೆ, ಆದ್ರೆ ಅದ್ರಲ್ಲಿ ಬ್ಲಾಕ್ ಅಂದ್ರೆ ನಿಮ್ಮ ಅಕೌಂಟಿನ ದುಡ್ಡೇ ಸಿಕ್ಕಿಹಾಕ್ಕೊಳತ್ತೆ, ವಾಪಸ್ ಬರೋಕೆ ವಾರಗಟ್ಟಲೆ ಆಗ್ಬಹುದು. ಸೊನ್ನೆ ಎಕ್ಸೆಸ್ ತಗೊಂಡ್ರೆ ಬ್ಲಾಕ್ ಆಗೋ ಮೊತ್ತ ತುಂಬಾ ಇಳಿಯತ್ತೆ, ನಮ್ಮದ್ರಲ್ಲಿ 200 ಡಾಲರ್ ಮಾತ್ರ. ಆರ್‌ಬಿಐ ನಿಯಮದಿಂದ 2020ರಿಂದೀಚೆ ಕಾರ್ಡಲ್ಲಿ ಇಂಟರ್‌ನ್ಯಾಷನಲ್ ಬಳಕೆ ನಾವೇ ಆನ್ ಮಾಡ್ಕೋಬೇಕು, ಲಿಮಿಟ್ ಕೂಡ ಏರಿಸ್ಬೇಕು, ಇಲ್ಲಿಂದಾನೇ ಮಾಡ್ಕೊಂಡೋಗಿ. ಮಷೀನಲ್ಲಿ ರೂಪಾಯೀಲಿ ಕಟ್ತೀರಾ ಡಾಲರಲ್ಲಿ ಕಟ್ತೀರಾ ಅಂತ ಕೇಳಿದ್ರೆ ಡಾಲರ್ ಒತ್ತಿ, ರೂಪಾಯಿ ಒತ್ತಿದ್ರೆ ಅವ್ರು ಹಾಕೋ ರೇಟು ನಮಗೆ ನಷ್ಟ. ಪಿನ್ ನೆನಪಿರಲಿ, ಆಳಿಲ್ದೆ ನಡೆಯೋ ಪೆಟ್ರೋಲ್ ಬಂಕುಗಳಲ್ಲಿ ಬೇಕಾಗತ್ತೆ.

ಯಾವ ಗಾಡಿ

ನಾಲ್ಕು ಜನ ಅಂದ್ರೆ ಐದು ಸೀಟಿನ ಕಾರು ಸಾಕು ಅಂತ ಅನ್ಕೋತೀವಿ, ಡಿಕ್ಕಿ ಲೆಕ್ಕ ಹಾಕಲ್ಲ. ಕೊರೋಲಾ ಗಾತ್ರದ ಕಾರಲ್ಲಿ ದೊಡ್ಡ ಸೂಟ್‌ಕೇಸ್ ಎರಡು ಹೋದ್ರೆ ಹೆಚ್ಚು. ಗಂಡ ಹೆಂಡ್ತಿ ಒಂದ್ ಮಗು ಅಂದ್ರೆ ಅದು ಸಾಕು, ಪೆಟ್ರೋಲೂ ಉಳಿಯತ್ತೆ. ಗಂಡ ಹೆಂಡ್ತಿ ಜೊತೆ ಅಪ್ಪ ಅಮ್ಮ ಇದ್ರೆ ರ‍್ಯಾವ್ ಫೋರ್ ಗಾತ್ರದ ಎಸ್‌ಯುವಿ ನೋಡಿ. ನಮ್ಮ ಥರ ಐದು ಜನ ಇದ್ದು ಹಿಂದಿನ ಸೀಟಲ್ಲಿ ಮಗೂ ಸೀಟೂ ಕೂರ್ಬೇಕು ಅಂದ್ರೆ ಐದು ಸೀಟಿನ ಗಾಡಿ ಸಾಲಲ್ಲ, ಏಳು ಸೀಟಿಂದು ತಗೊಂಡು ಕೊನೇ ಸಾಲಲ್ಲಿ ಒಂದು ಸೀಟು ಮಡಚಿ ಸಾಮಾನಿಟ್ವಿ. ಏಳು ಜನಾನೂ ಕೂತ್ರೆ ಸಾಮಾನಿಗೆ ಜಾಗ ಇರಲ್ಲ, ಆಗ ವ್ಯಾನ್ ಥರದ್ದೇ ಬೇಕು.

ಸೀಟಿನ ಎತ್ತರ ನೋಡಿ, ಇದನ್ನ ಯಾರೂ ಹೋಲಿಸಲ್ಲ. ಮೊಣಕಾಲು ನೋವಿರೋರಿಗೆ ತಗ್ಗಿನ ಸೆಡಾನಲ್ಲಿ ಕೂತು ಏಳೋದು ಕಷ್ಟ, ತೀರಾ ಎತ್ತರದ ಗಾಡಿ ಹತ್ತೋದೂ ಕಷ್ಟ. ಸೊಂಟದ ಮಟ್ಟಕ್ಕೆ ಬರೋ ಸೀಟಾದ್ರೆ ಜಾರ್ಕೊಂಡು ಕೂರ್ಬಹುದು. ದಿನಕ್ಕೆ ಇಪ್ಪತ್ತು ಸಲ ಹತ್ತಿ ಇಳೀಬೇಕು ನೋಡಿ, ಅತ್ತೆ ಆ ಗಾಡಿಲಿ ಒಂದಿನಾನೂ ಕಾಲು ನೋವು ಅನ್ಲಿಲ್ಲ, ನಂಗೆ ಅದೇ ದೊಡ್ಡ ಖುಷಿ.

ಡೀಸೆಲ್ ಲೀಟರಿಗೆ ಅಲ್ಲಿ ಪೆಟ್ರೋಲಿಗಿಂತ ಅಗ್ಗ ಅಂತ ಕಾಣತ್ತೆ, ಆದ್ರೆ ಡೀಸೆಲ್ ಗಾಡಿಗೆ ರೋಡ್ ಯೂಸರ್ ಚಾರ್ಜ್ ಅಂತ ಬೇರೆ ತೆರಿಗೆ ಇದೆ, 1000 ಕಿಲೋಮೀಟರಿಗೆ 76 ಡಾಲರಿನಷ್ಟು, ಗಾಡಿ ವಾಪಸ್ ಕೊಡೋವಾಗ ಓಡಿಸಿದಷ್ಟಕ್ಕೆ ಲೆಕ್ಕ ಹಾಕಿ ಕೇಳೋ ಕಂಪನಿಗಳಿವೆ. ನಾವು 1800 ಕಿಲೋಮೀಟರ್ ಓಡಿಸಿದ್ವಿ, ಡೀಸೆಲ್ ಆಗಿದ್ರೆ ಅದೇ 137 ಡಾಲರ್ ಹತ್ರ ಆಗ್ತಿತ್ತು. ಕ್ಯಾಂಪರ್‌ವ್ಯಾನ್ ನೋಡೋರು ಇದನ್ನ ಮರೀಬೇಡಿ. 2024ರ ಏಪ್ರಿಲಿಂದ ಎಲೆಕ್ಟ್ರಿಕ್ ಗಾಡಿಗೂ ಇದು ಬಂದಿದೆ. ಮಾಮೂಲಿ ಪೆಟ್ರೋಲ್ ಹೈಬ್ರಿಡ್ಡಿಗೆ ಇಲ್ಲ, ಕುಟುಂಬಕ್ಕೆ ನನ್ನ ಓಟು ಅದಕ್ಕೇ.

ಮಗೂ ಸೀಟು ಅಲ್ಲಿ ಏಳು ವರ್ಷ ತುಂಬೋ ತನಕ ಕಾನೂನಿನ ಪ್ರಕಾರ ಬೇಕೇ ಬೇಕು, ತೊಡೆ ಮೇಲೆ ಕೂರಿಸ್ಕೊಳ್ಳೋ ಹಾಗಿಲ್ಲ. ಬುಕ್ ಮಾಡೋವಾಗ್ಲೇ ವಯಸ್ಸು, ತೂಕ ಬರೆದು ಹೇಳಿ.

ನಾರ್ತ್ ಐಲೆಂಡೂ ನೋಡೋದಾದ್ರೆ

ವೆಲ್ಲಿಂಗ್ಟನ್ನಿಂದ ಪಿಕ್ಟನ್ನಿಗೆ ಇಂಟರ್‌ಐಲ್ಯಾಂಡರ್, ಬ್ಲೂಬ್ರಿಜ್ ಅಂತ ಎರಡು ಫೆರಿ ಇದೆ, ಮೂರೂವರೆ ಗಂಟೆ. ಕಾರನ್ನೂ ಹಡಗಿಗೆ ಹತ್ತಿಸಿದ್ರೆ ಅದಕ್ಕೆ ಬೇರೆ ಟಿಕೆಟ್. ಕೆಲವು ಕಂಪನಿಗಳು ಈ ದಡದಲ್ಲಿ ಕಾರು ಬಿಟ್ಟು ಆ ದಡದಲ್ಲಿ ಇನ್ನೊಂದು ಕಾರು ತಗೊಳ್ಳೋಕೆ ಬಿಡ್ತಾರೆ, ಅದು ಅಗ್ಗ, ಆದ್ರೆ ಸಾಮಾನೆಲ್ಲ ಇಳಿಸಿ ಹೊರ್ಬೇಕು. ಎರಡು ವಾರಕ್ಕಿಂತ ಕಮ್ಮಿ ರಜೆ ಇದ್ರೆ ಕ್ವೀನ್ಸ್‌ಟೌನಲ್ಲೇ ಕಾರು ಬಿಟ್ಟು ಆಕ್ಲೆಂಡಿಗೆ ವಿಮಾನದಲ್ಲಿ ಹೋಗಿ, ಬೇಕಿದ್ರೆ ಅಲ್ಲಿ ಮತ್ತೆ ಎರಡು ದಿನ ಚಿಕ್ಕ ಕಾರು ತಗೊಳಿ. ಟೋಲ್ ರಸ್ತೆಗಳು ನಾರ್ತ್ ಐಲೆಂಡಲ್ಲಿ ಮಾತ್ರ, ಟೋಲ್‌ಗೇಟ್ ಇರಲ್ಲ, ಐದು ದಿನದೊಳಗೆ ಆನ್‌ಲೈನಲ್ಲಿ ಕಟ್ಬೇಕು, ಕಟ್ದಿದ್ರೆ ಕಾರು ಕಂಪನಿಗೆ ಹೋಗಿ ಅವ್ರ ಫೀಸೂ ಸೇರಿ ನಿಮ್ಮ ಕಾರ್ಡಿಗೆ ಬರತ್ತೆ.

ಲೈಸೆನ್ಸ್

ನಮ್ಮ ಡಿಎಲ್ ಮೇಲೆ ವಿವರ ಇಂಗ್ಲಿಷಲ್ಲಿರೋದ್ರಿಂದ ಅದೇ ನಡೆಯತ್ತೆ. ಐಡಿಪಿ, ಅಂದ್ರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್, ಬೇಕಾ ಅಂತ ತುಂಬಾ ಜನ ಕೇಳ್ತಾರೆ, ಕಾನೂನಿನ ಪ್ರಕಾರ ಇಂಗ್ಲಿಷ್ ಲೈಸೆನ್ಸಿಗೆ ಬೇಕಾಗಿಲ್ಲ, ಆದ್ರೆ ಆರ್‌ಟಿಓದಲ್ಲಿ 1000 ರೂಪಾಯಿ ಫೀಸು, ಒಂದು ವರ್ಷ ನಡೆಯತ್ತೆ, ಪಾಸ್‌ಪೋರ್ಟ್, ವೀಸಾ ತೋರಿಸಿ ಮಾಡಿಸ್ಬಹುದು, ಕೌಂಟರಲ್ಲಿ ಯಾರಾದ್ರೂ ತಕರಾರು ಮಾಡಿದ್ರೆ ಇರಲಿ ಅಂತ ನಾವು ಮಾಡಿಸಿದ್ವಿ. ಐಡಿಪಿ ಇದ್ರೂ ಒರಿಜಿನಲ್ ಡಿಎಲ್ ಕಾರ್ಡ್ ಕೈಲಿರ್ಲೇಬೇಕು, ಡಿಜಿಲಾಕರ್ ತೋರಿಸ್ತೀನಿ ಅಂತ ಹೋಗ್ಬೇಡಿ.

ಓಡಿಸೋದು, ಮತ್ತೆ ಎಲ್ಲಿ ಓಡಿಸ್ಬಾರ್ದು

ನ್ಯೂಜಿಲೆಂಡ್ ಟೈಮು ನಮಗಿಂತ ಆರೂವರೆ ಗಂಟೆ ಮುಂದೆ, ಅವ್ರ ಬೇಸಿಗೇಲಿ ಏಳೂವರೆ. ರಾತ್ರಿಯೆಲ್ಲ ವಿಮಾನದಲ್ಲಿ ಕೂತು ಇಳಿದ ದಿನಾನೇ ಟೆಕಾಪೊಗೆ 225 ಕಿಲೋಮೀಟರ್ ಹೊಡೀತೀವಿ ಅನ್ನೋರನ್ನ ಕೈ ಮುಗಿದು ಕೇಳ್ಕೋತೀನಿ, ಬೇಡ. ಒಂದ್ ರಾತ್ರಿ ಕ್ರೈಸ್ಟ್‌ಚರ್ಚಲ್ಲಿ ಮಲಗಿ, ಕಾರು ಮಾರನೇ ದಿನ ತಗೊಳಿ, ಒಂದು ದಿನದ ಬಾಡಿಗೆನೂ ಉಳಿಯತ್ತೆ.

ಹೈವೇ ಸ್ಪೀಡು ಸಾಮಾನ್ಯವಾಗಿ 100, ಊರೊಳಗೆ 50. ಆ 100 ಅಂದ್ರೆ ನಮ್ಮ ಎಕ್ಸ್‌ಪ್ರೆಸ್‌ವೇ ಥರ ಅಲ್ಲ, ಎರಡೇ ಲೇನು, ಮಧ್ಯೆ ಡಿವೈಡರ್ ಇಲ್ಲ, ತಿರುವುಗಳು ಜಾಸ್ತಿ, ಹಳದಿ ಗೆರೆ ಇದ್ದ ಕಡೆ ಓವರ್‌ಟೇಕ್ ಮಾಡೋ ಹಾಗೇ ಇಲ್ಲ. ನಿಧಾನ ಹೋಗ್ತಿದ್ರೆ ಹಿಂದಿನವ್ರಿಗೆ ದಾರಿ ಬಿಡೋಕೆ ಪಕ್ಕದಲ್ಲಿ ಜಾಗ ಮಾಡಿರ್ತಾರೆ, ಅಲ್ಲಿ ಸರಿದು ಬಿಟ್ಕೊಡಿ. ರೌಂಡಬೌಟಲ್ಲಿ ಬಲಗಡೆಯಿಂದ ಬರೋರಿಗೆ ಮೊದಲು ದಾರಿ, ಇಲ್ಲಿ ಥರ ಮೂಗು ತೂರಿಸೋ ಹಾಗಿಲ್ಲ. ಒಂದೇ ಗಾಡಿ ಹೋಗೋ ಸೇತುವೆಗಳು ಸುಮಾರಿವೆ, ನಿಮ್ಮ ಕಡೆ ಬಾಣ ಕೆಂಪಗೆ ಚಿಕ್ಕದಾಗಿದ್ರೆ ನಿಂತು ಎದುರಿನವ್ರನ್ನ ಬಿಡಿ, ನೀಲಿ ಬೋರ್ಡಲ್ಲಿ ಬಿಳೀ ಬಾಣ ದೊಡ್ಡದಾಗಿದ್ರೆ ನಿಮಗೆ ಮೊದಲು.

ವನಾಕಾದಿಂದ ಕ್ವೀನ್ಸ್‌ಟೌನಿಗೆ ಕ್ರೌನ್ ರೇಂಜ್ ರಸ್ತೆ ಸಾವಿರ ಮೀಟರಿಗೂ ಜಾಸ್ತಿ ಎತ್ತರ ಹತ್ತತ್ತೆ, ನಮ್ಮ ಚಾರ್ಮಾಡಿಲಿ ಓಡಿಸಿದೋರಿಗೆ ತಿರುವಿನ ಭಯ ಇರಲ್ಲ, ಆದ್ರೆ ಚಳಿಗಾಲದಲ್ಲಿ ಹಿಮ ಕಟ್ಟತ್ತೆ. ಜೂನಿಂದ ಆಗಸ್ಟ್ ಒಳಗೆ ಹೋಗೋರು ಟೈರಿಗೆ ಹಾಕೋ ಚೈನನ್ನ ಕಾರಿನ ಜೊತೆ ಬಾಡಿಗೆಗೆ ತಗೊಳ್ಳಿ, ಹಾಕೋದನ್ನ ಅಂಗಡಿಯಲ್ಲೇ ಒಂದ್ಸಲ ತೋರಿಸ್ಕೊಳಿ. ಹಿಮದಲ್ಲಿ ಓಡಿಸಿ ಗೊತ್ತಿಲ್ದೋರು ಆ ತಿಂಗಳುಗಳಲ್ಲಿ ಬಸ್ಸಲ್ಲಿ ಹೋಗೋದೇ ಕ್ಷೇಮ.

ಮಿಲ್ಫರ್ಡ್ ಸೌಂಡಿಗೆ ಕಾರಾ ಬಸ್ಸಾ ಅನ್ನೋದು ಬೇರೆನೇ ಪ್ರಶ್ನೆ. ಕ್ವೀನ್ಸ್‌ಟೌನಿಂದ ಹೋಗಿ ಬರೋದು ಸುಮಾರು 580 ಕಿಲೋಮೀಟರ್, ನಿಲ್ದೆ ಹೋದ್ರೂ ಎಂಟು ಗಂಟೆ ಸ್ಟೀರಿಂಗ್ ಹಿಂದೆ. ಇಬ್ರು ಡ್ರೈವರ್ ಇದ್ರೂ ಒಂದೇ ದಿನದಲ್ಲಿ ಬೇಡ. ದಾರೀಲಿ ಸಿಗೋ ಟೆ ಅನೌ ಅನ್ನೋ ಊರಲ್ಲಿ ಒಂದ್ ರಾತ್ರಿ ಉಳ್ಕೊಂಡ್ರೆ ಅಲ್ಲಿಂದ 120 ಕಿಲೋಮೀಟರ್, ಎಗ್ಲಿಂಟನ್ ಕಣಿವೆ, ಮಿರರ್ ಲೇಕ್ಸ್ ನೋಡ್ಕೊಂಡು ಹೋಗ್ಬಹುದು, ಟ್ಯಾಂಕ್ ಟೆ ಅನೌದಲ್ಲೇ ತುಂಬಿಸಿ, ಆಮೇಲೆ ಫೋನ್ ನೆಟ್‌ವರ್ಕೂ ಇರಲ್ಲ. ನಾವು ಕಾರನ್ನ ಟೆ ಅನೌದ ಮೋಟೆಲಲ್ಲೇ ಬಿಟ್ಟು ಆ ಒಂದು ದಿನ ಮಾತ್ರ ಬಸ್ಸು, ದೋಣಿ ಎರಡೂ ಸೇರಿದ ಟಿಕೆಟ್ ತಗೊಂಡ್ವಿ. ನಮ್ಮನೆಯವ್ರು ಪ್ರವಾಸ ಪೂರ್ತಿ ರಸ್ತೆ ನೋಡ್ತಿದ್ದೋರು ಅವತ್ತು ಕಿಟಕಿ ಪಕ್ಕ ಕೂತು ಮಗಳ ಜೊತೆ ಜಲಪಾತ ಎಣಿಸಿದ್ರು. 1.2 ಕಿಲೋಮೀಟರ್ ಉದ್ದದ ಹೋಮರ್ ಟನಲ್ ದಾಟಿ ಆ ಕಡೆ ಬಂದಾಗ ಹಿಂದಿನ ರಾತ್ರಿ ಮಳೆ ಬಂದಿದ್ರಿಂದ ಎರಡೂ ಕಡೆ ಬಂಡೆ ಮೇಲಿಂದ ನೂರಾರು ನೀರಿನ ಎಳೆ ಇಳೀತಿತ್ತು, ಮಾವ ಮಾತೇ ಆಡ್ಲಿಲ್ಲ, ಸುಮ್ನೆ ನೋಡ್ತಾ ಕೂತಿದ್ರು. ಓಡಿಸೋರಿಗೂ ಒಂದು ದಿನ ನೋಡೋ ಅವಕಾಶ ಕೊಡಿ, ಅದಕ್ಕೆ ಮಿಲ್ಫರ್ಡ್ ದಿನಾನೇ ಸರಿ.

ತಗೊಳ್ಳೋವಾಗ, ಕೊಡೋವಾಗ

ಕೀ ಕೈಗೆ ಬಂದ ತಕ್ಷಣ ಹೊರಡ್ಬೇಡಿ. ಗಾಡಿ ಸುತ್ತ ನಿಧಾನವಾಗಿ ಒಂದು ವೀಡಿಯೋ ಮಾಡಿ, ನಾಲ್ಕು ಚಕ್ರದ ರಿಮ್ಮು, ಬಂಪರಿನ ಕೆಳಗಡೆ, ಮುಂದಿನ ಗ್ಲಾಸು, ಮೇಲ್ಛಾವಣಿ, ಒಳಗೆ ಕಿಲೋಮೀಟರ್ ಮತ್ತೆ ಪೆಟ್ರೋಲ್ ಮುಳ್ಳು. ಹಳೇ ಗೀರು ಕಂಡ್ರೆ ಅವ್ರ ಫಾರಂನಲ್ಲಿ ಬರೆಸಿ. ಸ್ಟೆಪ್ನಿ ಇದ್ಯಾ ಬರೀ ಪಂಕ್ಚರ್ ಕಿಟ್ಟಾ ಕೇಳಿ. ಇಂಡಿಕೇಟರ್ ಯಾವ ಕಡೆ ಕಡ್ಡೀಲಿದೆ ಅಂತ ಪಾರ್ಕಿಂಗಲ್ಲೇ ಹಾಕಿ ನೋಡಿ, ಕೆಲವು ಗಾಡಿಲಿ ಎಡಕ್ಕೆ, ಕೆಲವು ಗಾಡಿಲಿ ಬಲಕ್ಕೆ.

ವಾಪಸ್ ಕೊಡೋವಾಗ ಫುಲ್ ಟ್ಯಾಂಕ್ ಮಾಡಿ ಕೊಡೋ ಥರದ್ದನ್ನೇ ಆರಿಸ್ಕೊಳಿ, ಮೊದ್ಲೇ ಟ್ಯಾಂಕಿನ ದುಡ್ಡು ಕಟ್ಟೋದ್ರಲ್ಲಿ ಉಳಿದಿದ್ದು ಅವ್ರಿಗೇ ಹೋಗತ್ತೆ. ಏರ್‌ಪೋರ್ಟ್ ಹತ್ರದ ಬಂಕಲ್ಲಿ ತುಂಬಿಸಿ ರಸೀತಿ ಇಟ್ಕೊಳಿ, ಮತ್ತೆ ಅದೇ ಥರ ವೀಡಿಯೋ ಮಾಡಿ. ಆಫೀಸು ಮುಚ್ಚಿದ್ಮೇಲೆ ಡಬ್ಬಿಗೆ ಕೀ ಹಾಕಿ ಹೋಗೋ ಬದ್ಲು, ಆದಷ್ಟು ಅವ್ರು ಇರೋವಾಗ್ಲೇ ಕೊಟ್ಟು, ಗಾಡಿ ನೋಡಿ ಸರಿ ಇದೆ ಅಂತ ಈಮೇಲ್ ಕಳ್ಸೋ ತನಕ ನಿಂತಿರಿ. ಆ ವೀಡಿಯೋ, ರಸೀತಿ, ಈಮೇಲ್ ಮೂರನ್ನೂ ಕಾರ್ಡಿನ ಬ್ಲಾಕ್ ಬಿಡುಗಡೆ ಆಗಿ ಆಮೇಲಿನ ಎರಡು ತಿಂಗಳ ಸ್ಟೇಟ್‌ಮೆಂಟ್ ಬರೋ ತನಕ ಫೋನಿಂದ ಅಳಿಸ್ಬೇಡಿ, ಸ್ಪೀಡ್ ಕ್ಯಾಮೆರಾದ ದಂಡ ಏನಾದ್ರೂ ಇದ್ರೆ ಅದು ಬರೋದೂ ಅಷ್ಟರಲ್ಲೇ.